ಹೆಸರು ಹಾಂಗ್‌ಕಾಂಗ್, ಮನೆ ಲಂಡನ್

ಹೋದ ತಿಂಗಳು ಈ ಅಂಕಣದಲ್ಲಿ ಮಾತಿನ ಮಧ್ಯೆ ಎಚ್‌ಎಸ್‌ಬಿಸಿ ಹೆಸರು ಬಂದಿತ್ತು. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ನಾನು ಆ ಬ್ಯಾಂಕಿನಲ್ಲಿ ಕೆಲಸ ಮಾಡಿದವಳಲ್ಲ. ಬೇರೊಂದು ಬ್ಯಾಂಕಿನ ಫಾರೆಕ್ಸ್, ಅಂದರೆ ವಿದೇಶಿ ವಿನಿಮಯ ವಿಭಾಗದಲ್ಲಿ 31 ವರ್ಷ ಸವೆಸಿದವಳು. ಆದರೆ ಎಚ್‌ಎಸ್‌ಬಿಸಿಯ ಕಾಗದ ನನ್ನ ಟೇಬಲ್ಲಿಗೆ ಬರದ ವಾರ ಇರಲಿಲ್ಲ. ಆ ಸಲುಗೆಯಿಂದ ಉತ್ತರಿಸುತ್ತೇನೆ.

ಪ್ರಶ್ನೆ: ಮೇಡಂ, ಎಚ್‌ಎಸ್‌ಬಿಸಿ ಅಂದರೆ ಹಾಂಗ್‌ಕಾಂಗ್ ಆ್ಯಂಡ್ ಶಾಂಘೈ ಬ್ಯಾಂಕಿಂಗ್ ಕಾರ್ಪೊರೇಷನ್ ಅಂತ ಓದಿದೆ. ಮುಖ್ಯ ಕಚೇರಿ ನೋಡಿದರೆ ಲಂಡನ್ನಿನಲ್ಲಿದೆ. ಅದು ಯಾರ ಬ್ಯಾಂಕು, ಚೀನಾದವರದೋ ಬ್ರಿಟಿಷರದೋ? (ಬಿ.ಕಾಂ. ವಿದ್ಯಾರ್ಥಿನಿ)

ಉತ್ತರ: ಶುರು ಮಾಡಿದ್ದು ಹಡಗು ಕಂಪನಿಯ ನೌಕರ ಕಣಮ್ಮಾ. ಥಾಮಸ್ ಸದರ್‌ಲ್ಯಾಂಡ್ ಅಂತ, ಸ್ಕಾಟ್ಲೆಂಡಿನವರು. ಪಿ ಆ್ಯಂಡ್ ಓ ಹಡಗು ಕಂಪನಿಯ ಹಾಂಗ್‌ಕಾಂಗ್ ಕೆಲಸ ನೋಡಿಕೊಳ್ಳುತ್ತಿದ್ದರು. 1864ರಲ್ಲಿ ಅವರಿಗೆ 30 ವರ್ಷ. ಬ್ಯಾಂಕಿನ ಅನುಭವ ಸೊನ್ನೆ.

ಇದರಲ್ಲಿ ನಮ್ಮ ಮುಂಬೈಗೂ ಒಂದು ಪಾತ್ರವಿದೆ. ಆಗ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ನಿಂತುಹೋಗಿ ಮುಂಬೈ ಹತ್ತಿಗೆ ಚಿನ್ನದ ಬೆಲೆ ಬಂದಿತ್ತು. ಕೈತುಂಬ ದುಡ್ಡು ಮಾಡಿಕೊಂಡ ಮುಂಬೈ ಸಾಹುಕಾರರು 'ಬ್ಯಾಂಕ್ ಆಫ್ ಚೀನಾ' ಅಂತ ಒಂದನ್ನು ತೆರೆಯಲು ಹೊರಟರು. ಹಾಂಗ್‌ಕಾಂಗಿನವರಿಗೆ ಅದರಲ್ಲಿ ಸಣ್ಣ ಪಾಲು ಅಷ್ಟೇ. ಇದು ಕಿವಿಗೆ ಬಿದ್ದದ್ದೇ ತಡ, 'ನಮ್ಮೂರ ವ್ಯಾಪಾರಕ್ಕೆ ನಮ್ಮದೇ ಬ್ಯಾಂಕ್' ಅಂತ ಸದರ್‌ಲ್ಯಾಂಡ್ ಊರಿನ ವ್ಯಾಪಾರಿಗಳನ್ನೆಲ್ಲ ಸೇರಿಸಿದರು. ಬಂಡವಾಳ 50 ಲಕ್ಷ ಹಾಂಗ್‌ಕಾಂಗ್ ಡಾಲರ್. ಸೇರಿದವರಲ್ಲಿ ಬ್ರಿಟಿಷರು, ಜರ್ಮನ್ನರು, ಅಮೆರಿಕದವರು, ಪಾರ್ಸಿಗಳು ಎಲ್ಲ ಇದ್ದರು. ಚೀನಾಕ್ಕೆ ಅಫೀಮು ಸಾಗಿಸಿ ಬೆಳೆದ ಡೆಂಟ್ ಕಂಪನಿಯವರೂ ಇದ್ದರು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳುವುದು ಸರಿಯಲ್ಲ.

1865ರ ಮಾರ್ಚ್ 3ಕ್ಕೆ ಹಾಂಗ್‌ಕಾಂಗಿನಲ್ಲಿ ಬಾಗಿಲು ತೆರೆಯಿತು. ಮರು ತಿಂಗಳೇ ಶಾಂಘೈ. ಮುಂದಿನ ವರ್ಷ ಲಂಡನ್ನಿನಲ್ಲಿ ಓವರೆಂಡ್ ಗರ್ನಿ ಅನ್ನುವ ದೊಡ್ಡ ಹಣಕಾಸು ಸಂಸ್ಥೆ ಮುಳುಗಿತು. ಆ ಹೊಡೆತಕ್ಕೆ ಪೂರ್ವ ದೇಶಗಳಲ್ಲಿದ್ದ ಹಲವು ಬ್ಯಾಂಕ್‌ಗಳು ಬಾಗಿಲು ಹಾಕಿದವು. 1867ರಲ್ಲಿ ಡೆಂಟ್ ಕಂಪನಿಯೂ ಹೋಯಿತು. ಮಗುವಿನಂತಿದ್ದ ಈ ಬ್ಯಾಂಕ್ ಮಾತ್ರ ಉಳಿಯಿತು. ಅದೇ 1867ರಲ್ಲಿ ಕೋಲ್ಕತ್ತದಲ್ಲಿ ಶಾಖೆಯನ್ನೂ ತೆರೆಯಿತು.

ಇನ್ನು ಲಂಡನ್ ವಿಷಯ. 1997ಕ್ಕೆ ಹಾಂಗ್‌ಕಾಂಗ್ ಚೀನಾದ ಕೈಗೆ ಹೋಗುವುದು ಮೊದಲೇ ಗೊತ್ತಿತ್ತು. 1991ರಲ್ಲಿ ಎಲ್ಲದರ ಮೇಲೆ ಎಚ್‌ಎಸ್‌ಬಿಸಿ ಹೋಲ್ಡಿಂಗ್ಸ್ ಅನ್ನುವ ಕಂಪನಿ ಕಟ್ಟಿದರು. 1992ರಲ್ಲಿ ಬ್ರಿಟನ್ನಿನ ಮಿಡ್‌ಲ್ಯಾಂಡ್ ಬ್ಯಾಂಕ್ ಕೊಂಡರು. ಕೊಳ್ಳಬೇಕಾದರೆ ಮುಖ್ಯ ಕಚೇರಿ ಲಂಡನ್ನಿಗೆ ಬರಬೇಕು ಅನ್ನುವುದು ಅಲ್ಲಿನವರ ಷರತ್ತು. 1993ರಲ್ಲಿ ಮನೆ ಬದಲಾಯಿತು. 2015ರಲ್ಲಿ ವಾಪಸ್ ಹೋಗೋಣವಾ ಅಂತ ತಿಂಗಳುಗಟ್ಟಲೆ ಯೋಚಿಸಿ, 2016ರ ಫೆಬ್ರುವರಿಯಲ್ಲಿ ಇಲ್ಲೇ ಇರೋಣ ಅಂತ ತೀರ್ಮಾನಿಸಿದರು. ಆದರೆ ಲಾಭದ ದೊಡ್ಡ ಪಾಲು ಬರುವುದು ಇವತ್ತಿಗೂ ಏಷ್ಯಾದಿಂದಲೇ. ಹೀಗೆ ಒಂದು ಊರಲ್ಲಿ ದುಡಿದು ಇನ್ನೊಂದು ಊರಲ್ಲಿ ಮನೆ ಮಾಡಿದವರ ಪಾಡು ಗೊತ್ತಲ್ಲ, ಎರಡೂ ಕಡೆಯವರಿಗೆ ಅನುಮಾನ.

ಪ್ರಶ್ನೆ: ಇಷ್ಟು ದೇಶಗಳ ಮಧ್ಯೆ ಹಣ ಹೋಗುವುದಾದರೂ ಹೇಗೆ? ಸ್ವಿಫ್ಟ್ ಮೂಲಕ ಅಂತಾರೆ. ನಿಜವಾಗಿ ಏನು ಹೋಗುತ್ತದೆ?

ಉತ್ತರ: ಏನೂ ಹೋಗುವುದಿಲ್ಲ! ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಇದನ್ನು ಕೇಳಿ ನನಗೂ ನಿರಾಸೆಯಾಗಿತ್ತು.

ಒಂದು ದೇಶದ ಬ್ಯಾಂಕ್ ಇನ್ನೊಂದು ದೇಶದ ಬ್ಯಾಂಕಿನಲ್ಲಿ ತನ್ನದೊಂದು ಖಾತೆ ಇಟ್ಟಿರುತ್ತದೆ. ಅದಕ್ಕೆ ನಾವು ನಾಸ್ಟ್ರೋ ಅನ್ನುತ್ತಿದ್ದೆವು. ಅದೇ ಖಾತೆಗೆ ಆ ಕಡೆಯವರು ವಾಸ್ಟ್ರೋ ಅನ್ನುತ್ತಾರೆ. 'ನಮ್ಮ ಖಾತೆಯಿಂದ ಇಷ್ಟು ತೆಗೆದು ಇಂಥವರಿಗೆ ಕೊಡಿ' ಅಂತ ಒಂದು ಸಂದೇಶ ಹೋಗುತ್ತದೆ. ಅಷ್ಟೇ. 1973ರಲ್ಲಿ ಬೆಲ್ಜಿಯಂನಲ್ಲಿ ಶುರುವಾದ ಸ್ವಿಫ್ಟ್ ಆ ಸಂದೇಶವನ್ನು ಹೊರುವ ಅಂಚೆಯಣ್ಣ. ಅವನ ಚೀಲದಲ್ಲಿ ದುಡ್ಡು ಇರುವುದಿಲ್ಲ.

ಎಚ್‌ಎಸ್‌ಬಿಸಿಯಂಥ ಬ್ಯಾಂಕಿಗೆ ಇರುವ ಅನುಕೂಲ ಇದೇ. ಎರಡೂ ತುದಿಯಲ್ಲಿ ಅದರದೇ ಮನೆ ಇದ್ದರೆ ಮಧ್ಯವರ್ತಿ ಬೇಡ. ಈ ಬ್ಯಾಂಕಿನ ಚೀನೀ ಹೆಸರಿನಲ್ಲೇ ಹಣ ರವಾನೆ ಅನ್ನುವ ಅರ್ಥದ ಪದವಿದೆ.

ಆದರೆ ನನ್ನ ಅನ್ನ ನಡೆಸಿದ್ದು ಎಲ್‌ಸಿ, ಅಂದರೆ ಲೆಟರ್ ಆಫ್ ಕ್ರೆಡಿಟ್. ಮಾರುವವನು ಒಂದು ದೇಶದಲ್ಲಿ, ಕೊಳ್ಳುವವನು ಇನ್ನೊಂದರಲ್ಲಿ. ಇಬ್ಬರೂ ಮುಖ ನೋಡಿದವರಲ್ಲ. ದುಡ್ಡು ಮೊದಲೋ ಸರಕು ಮೊದಲೋ ಅನ್ನುವ ಜಗಳ. ಆಗ ಕೊಳ್ಳುವವನ ಬ್ಯಾಂಕ್ ಹೇಳುತ್ತದೆ: 'ಸರಕು ಹಡಗಿಗೆ ಹತ್ತಿಸಿದ ಕಾಗದ ತನ್ನಿ, ದುಡ್ಡು ನನ್ನ ಜವಾಬ್ದಾರಿ.' ಇಲ್ಲಿ ಬ್ಯಾಂಕ್ ನೋಡುವುದು ಕಾಗದ ಮಾತ್ರ, ಸರಕನ್ನಲ್ಲ. ಕಾಗದ ಪರೀಕ್ಷಿಸಲು ಬ್ಯಾಂಕಿಗೆ ಸಿಗುವುದು 5 ಕೆಲಸದ ದಿನ. ಅಷ್ಟರಲ್ಲಿ ತಪ್ಪು ಕಂಡರೆ 'ಡಿಸ್ಕ್ರೆಪೆನ್ಸಿ' ಅಂತ ಬರೆದು ಕಳಿಸಬೇಕು.

ನಾನೊಮ್ಮೆ ಎಡವಿದ್ದೆ. ಎಲ್‌ಸಿಯಲ್ಲಿ ಸರಕು ಹಡಗು ಹತ್ತಲು ಕೊನೆಯ ದಿನ 15 ಅಂತ ಇತ್ತು. ಸರಕು ಹತ್ತಿಸಿಕೊಂಡದ್ದಕ್ಕೆ ಹಡಗಿನವರು ಕೊಡುವ ಕಾಗದ, ಅಂದರೆ ಬಿಲ್ ಆಫ್ ಲೇಡಿಂಗ್ ಮೇಲೆ 16ರ ಮುದ್ರೆ. ಮಧ್ಯಾಹ್ನದ ಹೊತ್ತು, ಕಣ್ಣಿಗೆ ಬೀಳಲಿಲ್ಲ. ನಮ್ಮ ಬ್ಯಾಂಕ್ ರಫ್ತುದಾರರಿಗೆ ದುಡ್ಡು ಕೊಟ್ಟೂ ಆಗಿತ್ತು. ವಾರದ ಮೇಲೆ ವಿದೇಶದ ಬ್ಯಾಂಕಿನಿಂದ ಬಂತು ಟೆಲೆಕ್ಸ್: ಒಂದು ದಿನ ತಡ, ಹಣ ಕೊಡುವುದಿಲ್ಲ. ಅಷ್ಟರಲ್ಲಿ ಪೇಟೆಯಲ್ಲಿ ಬೆಲೆ ಇಳಿದಿತ್ತು. ಕೊಳ್ಳುವವನಿಗೆ ಅದೇ ನೆಪವಾಯಿತು, ಚೌಕಾಸಿಗೆ ಕೂತ. ಮ್ಯಾನೇಜರ್ ಬೈಯಲಿಲ್ಲ. 'ಕನ್ನಡಕ ಬದಲಾಯಿಸಮ್ಮ' ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಪ್ರಶ್ನೆ: ಸಿಕ್ಕ ಸಿಕ್ಕ ಬ್ಯಾಂಕ್ ಕೊಂಡು ಕೊಂಡೇ ಇಷ್ಟು ದೊಡ್ಡದಾಯಿತಲ್ಲ, ಎಲ್ಲೂ ಕೈ ಸುಟ್ಟುಕೊಂಡಿಲ್ಲವೇ?

ಉತ್ತರ: ಸುಟ್ಟುಕೊಂಡಿದೆ, ಮೊಣಕೈವರೆಗೂ.

ಮೊದಲು ಕೊಂಡದ್ದು ಗೊತ್ತಿದ್ದ ದಾರಿಯಲ್ಲೇ. ಮುಂಬೈಯಲ್ಲೇ ಹುಟ್ಟಿದ್ದ ಮರ್ಕಂಟೈಲ್ ಬ್ಯಾಂಕ್ ಮತ್ತು ಬ್ರಿಟಿಷ್ ಬ್ಯಾಂಕ್ ಆಫ್ ದಿ ಮಿಡ್ಲ್ ಈಸ್ಟ್, ಎರಡನ್ನೂ 1959ರಲ್ಲಿ ಕೊಂಡರು. 1965ರಲ್ಲಿ ಹಾಂಗ್‌ಕಾಂಗಿನ ಹ್ಯಾಂಗ್ ಸೆಂಗ್ ಬ್ಯಾಂಕ್ ಮುಂದೆ ಠೇವಣಿದಾರರು ಸಾಲುಗಟ್ಟಿ ನಿಂತಾಗ ಅದರ 51% ಪಾಲು. ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಅವರು ಮತ್ತೆ ಮಾಡಲಿಲ್ಲ. 1980ರಲ್ಲಿ ಅಮೆರಿಕದ ಮರೀನ್ ಮಿಡ್‌ಲ್ಯಾಂಡಿನ 51%, 1987ರಲ್ಲಿ ಉಳಿದದ್ದೂ. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿಗೂ ಕೈಹಾಕಿದ್ದರು, ಸರ್ಕಾರ ಬಿಡಲಿಲ್ಲ.

2003ರಲ್ಲಿ ಅಮೆರಿಕದ ಹೌಸ್‌ಹೋಲ್ಡ್ ಇಂಟರ್‌ನ್ಯಾಷನಲ್ ಬಂತು. ಬೆಲೆ 1,400 ಕೋಟಿ ಡಾಲರಿಗೂ ಜಾಸ್ತಿ. ಅದರ ಕಸುಬು, ಬೇರೆ ಬ್ಯಾಂಕ್‌ಗಳು ಸಾಲ ಕೊಡಲು ಹಿಂಜರಿಯುವ ಮಂದಿಗೆ ಜಾಸ್ತಿ ಬಡ್ಡಿಗೆ ಸಾಲ ಕೊಡುವುದು. ಹಡಗು, ಸರಕು, ಎಲ್‌ಸಿ ಬಲ್ಲವರಿಗೆ ಅಮೆರಿಕದ ಗಲ್ಲಿಯ ಮನೆಸಾಲ ಏನು ಗೊತ್ತು? ಕಂಪ್ಯೂಟರ್ ಲೆಕ್ಕ ಎಲ್ಲ ಸರಿ ಅಂತಿತ್ತು. 2007ರ ಶುರುವಿನಲ್ಲೇ ವಸೂಲಾಗದ ಸಾಲದ ರಾಶಿ ಕಂಡು ಷೇರುದಾರರನ್ನು ಎಚ್ಚರಿಸಬೇಕಾಯಿತು. 2009ರಲ್ಲಿ ಆ ವ್ಯವಹಾರದಲ್ಲಿ ಹೊಸ ಸಾಲ ನಿಲ್ಲಿಸಿದರು. ಇದನ್ನು ಕೊಳ್ಳಬಾರದಿತ್ತು ಅಂತ ಅಧ್ಯಕ್ಷರಾಗಿದ್ದ ಸ್ಟೀಫನ್ ಗ್ರೀನ್ ಬಹಿರಂಗವಾಗಿಯೇ ಹೇಳಿದರು. ಅದೇ ವರ್ಷ ಷೇರುದಾರರಿಂದ 1,250 ಕೋಟಿ ಪೌಂಡ್ ಹೊಸ ಬಂಡವಾಳ ಎತ್ತಿದರು. ಒಂದು ಮಾತು ಹೇಳಬೇಕು, ಆ ವರ್ಷಗಳಲ್ಲಿ ಬ್ರಿಟನ್ನಿನ ಬೇರೆ ಕೆಲವು ದೊಡ್ಡ ಬ್ಯಾಂಕ್‌ಗಳು ಸರ್ಕಾರದ ಮುಂದೆ ಕೈಚಾಚಿದರೂ ಇವರು ಚಾಚಲಿಲ್ಲ.

ಪ್ರಶ್ನೆ: ಮಾದಕವಸ್ತು ದಂಧೆಯವರ ದುಡ್ಡು ಸಾಗಿಸಿಯೂ ಯಾರೂ ಜೈಲಿಗೆ ಹೋಗಲಿಲ್ಲವಂತೆ, ಹೌದಾ?

ಉತ್ತರ: ಹೌದು. 2002ರಲ್ಲಿ ಮೆಕ್ಸಿಕೋದ ಬೀತಾಲ್ ಬ್ಯಾಂಕನ್ನು ಕೊಂಡಿದ್ದರು. ಅಲ್ಲಿ ನಗದು ಬರುತ್ತಿದ್ದ ರೀತಿ ಕೇಳಿ: ಕ್ಯಾಷ್ ಕೌಂಟರಿನ ಕಿಂಡಿಯ ಅಳತೆಗೇ ಸರಿಯಾಗಿ ಪೆಟ್ಟಿಗೆ ಮಾಡಿಸಿ ತರುತ್ತಿದ್ದರು ಅಂತ ಅಮೆರಿಕದ ನ್ಯಾಯ ಇಲಾಖೆಯೇ ಹೇಳಿದೆ. ಕೌಂಟರಿನಲ್ಲಿ ಕೂತವರಿಗೆ ಅದು ಕಾಣಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ. ಹೀಗೆ ಸಾಗಿದ ಹಣ ಕಡಿಮೆ ಅಂದರೂ 88 ಕೋಟಿ ಡಾಲರ್. 2012ರ ಡಿಸೆಂಬರಿನಲ್ಲಿ ಸುಮಾರು 190 ಕೋಟಿ ಡಾಲರ್ ಕಟ್ಟಿ, 5 ವರ್ಷ ನಡತೆ ತಿದ್ದಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿ ಮೊಕದ್ದಮೆಯಿಂದ ಪಾರಾದರು. ಇಂಥ ಬ್ಯಾಂಕನ್ನು ಜೋರಾಗಿ ಹೊಡೆದರೆ ಹಣಕಾಸು ಲೋಕವೇ ಅಲುಗುತ್ತದೆ ಅನ್ನುವ ಭಯ ಅಧಿಕಾರಿಗಳಿಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಲ್ಲಿ ಆನೆಯನ್ನೇ ಕೊಟ್ಟರು.

ಪ್ರಶ್ನೆ: ಲಂಡನ್ನಿನಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಇಲ್ಲಿನ ಶಾಖೆಯಲ್ಲಿ ಇಟ್ಟ ನನ್ನ ಎಫ್‌ಡಿ ಗತಿ? (ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ವಿದೇಶಿ ಬ್ಯಾಂಕಿನ ಭಾರತದ ಶಾಖೆಗಳಿಗೂ ನಮ್ಮ ಠೇವಣಿ ವಿಮೆ ಇದೆ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಬಡ್ಡಿ ಸೇರಿ, 5 ಲಕ್ಷ ರೂಪಾಯಿವರೆಗೆ. ಮೇಲಾಗಿ ಇಲ್ಲಿನ ಶಾಖೆಗಳ ಮೇಲೆ ರಿಸರ್ವ್ ಬ್ಯಾಂಕಿನ ಹಿಡಿತ ಇರುತ್ತದೆ. ಜಾಗತಿಕ ಬ್ಯಾಂಕ್ ಅಂದರೆ ಒಂದೇ ದೊಡ್ಡ ಪೆಟ್ಟಿಗೆ ಅಂದುಕೊಳ್ಳಬೇಡಿ. ಒಂದೊಂದು ದೇಶವೂ ತನ್ನ ಕೋಣೆಗೆ ತಾನೇ ಬೀಗ ಹಾಕಿಕೊಂಡ ಮನೆ ಅದು. ಬ್ರಿಟನ್ನಿನ ಕಾನೂನಂತೂ ಅಲ್ಲಿನ ಜನರ ಉಳಿತಾಯವನ್ನು ಬೇರೆ ಕಂಪನಿಯಾಗಿಯೇ ಇಡಬೇಕು ಅಂತು. ಆ ಕಂಪನಿಯ ಮುಖ್ಯ ಕಚೇರಿ ಬರ್ಮಿಂಗ್‌ಹ್ಯಾಮಿನಲ್ಲಿದೆ.

ಪ್ರಶ್ನೆ: ಭಾರತದ ಮೊದಲ ಎಟಿಎಂ ಅವರದೇನಾ?

ಉತ್ತರ: ಹೌದು. 1987, ಮುಂಬೈ.

ಪ್ರಶ್ನೆ: ಈಗ ದೇಶ ದೇಶಗಳಲ್ಲಿ ಮಾರಿಕೊಂಡು ಹೊರಡುತ್ತಿದ್ದಾರಂತೆ. ಬ್ಯಾಂಕ್ ಸೋಲುತ್ತಿದೆಯಾ?

ಉತ್ತರ: ಸೋಲಲ್ಲ, ಬುದ್ಧಿ ಬಂದದ್ದು ಅಂತ ನನ್ನ ಎಣಿಕೆ. ಎಲ್ಲ ಊರಲ್ಲೂ ಅಂಗಡಿ ಇಟ್ಟು ಬಾಡಿಗೆ ಕಟ್ಟುವುದಕ್ಕಿಂತ ವ್ಯಾಪಾರ ಇರುವ ಕಡೆ ಇರುವುದು ಮೇಲು ಅಲ್ವಾ? ಕೆನಡಾದ ವ್ಯವಹಾರವನ್ನು 2024ರಲ್ಲಿ ರಾಯಲ್ ಬ್ಯಾಂಕ್ ಆಫ್ ಕೆನಡಾಕ್ಕೆ 1,350 ಕೋಟಿ ಕೆನಡಾ ಡಾಲರಿಗೆ ಕೊಟ್ಟರು. ಅರ್ಜೆಂಟೀನಾದಿಂದಲೂ ಹೊರಬಂದರು. ಫ್ರಾನ್ಸಿನ ಕಥೆ ಮಾತ್ರ ನಗು ತರಿಸುತ್ತದೆ. 2000ದಲ್ಲಿ ಸಿಸಿಎಫ್ ಅನ್ನುವ ಬ್ಯಾಂಕನ್ನು ಸುಮಾರು 1,100 ಕೋಟಿ ಯೂರೋಗೆ ಕೊಂಡಿದ್ದರು. 2021ರಲ್ಲಿ ಅಲ್ಲಿನ ಜನಸಾಮಾನ್ಯರ ಬ್ಯಾಂಕಿಂಗ್ ಮಾರಲು ಒಪ್ಪಂದವಾದಾಗ ಬೆಲೆ 1 ಯೂರೋ. 2023ರ ಮಾರ್ಚಿನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಅದರ ಬ್ರಿಟನ್ ಭಾಗವನ್ನು ಇವರು ಕೊಂಡದ್ದು 1 ಪೌಂಡಿಗೆ. ಈ ಎರಡರ ಕಾಗದ ನನ್ನ ಟೇಬಲ್ಲಿಗೆ ಬಂದಿದ್ದರೆ, ಮೊತ್ತದ ಜಾಗದಲ್ಲಿ ಸೊನ್ನೆ ಬಿಟ್ಟುಹೋಗಿದೆ ಅಂತ ವಾಪಸ್ ಕಳಿಸಿಬಿಡುತ್ತಿದ್ದೆ.

ಪ್ರಶ್ನೆ: ಹಾಂಗ್‌ಕಾಂಗ್ ಕಚೇರಿ ಮುಂದಿನ ಸಿಂಹದ ಮೈಮೇಲೆ ತೂತುಗಳನ್ನು ನೋಡಿದೆ. ಏನದು?

ಉತ್ತರ: ಎರಡನೇ ಮಹಾಯುದ್ಧದ ಗಾಯ. ಅಲ್ಲಿರುವುದು ಎರಡು ಸಿಂಹ: ಬಾಯಿ ತೆರೆದದ್ದು ಸ್ಟೀಫನ್, ಮುಚ್ಚಿದ್ದು ಸ್ಟಿಟ್. ಇಬ್ಬರು ಮ್ಯಾನೇಜರುಗಳ ಹೆಸರು ಅವು. ಜಪಾನೀಯರು ಹಾಂಗ್‌ಕಾಂಗ್ ಹಿಡಿದಾಗ ಈ ಕಂಚಿನ ಸಿಂಹಗಳನ್ನು ಕರಗಿಸಲು ಜಪಾನಿಗೆ ಹೊತ್ತೊಯ್ದಿದ್ದರು. ಅದೃಷ್ಟ, ಕರಗಿಸಿರಲಿಲ್ಲ. ಯುದ್ಧ ಮುಗಿದ ಮೇಲೆ ವಾಪಸ್ ಬಂದವು. ಬ್ಯಾಂಕಿನ ಮುಖ್ಯಸ್ಥರಾಗಿದ್ದ ವ್ಯಾಂಡಲೂರ್ ಗ್ರೇಬರ್ನ್ ಬರಲಿಲ್ಲ. 1943ರಲ್ಲಿ ಜಪಾನೀಯರ ಸೆರೆಯಲ್ಲೇ ತೀರಿಕೊಂಡರು.

ನೀವು ಕೇಳದ ಒಂದನ್ನೂ ಸೇರಿಸುತ್ತೇನೆ. ಬ್ಯಾಂಕ್ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿ, ಚಲಾವಣೆಗೆ ಬಿಡದೆ ಇಟ್ಟಿದ್ದ ಹಾಂಗ್‌ಕಾಂಗ್ ನೋಟುಗಳಿಗೆ ಆಗ ಬ್ಯಾಂಕಿನವರಿಂದ ಬಲವಂತವಾಗಿ ಸಹಿ ಹಾಕಿಸಿ ಜಪಾನೀಯರು ಪೇಟೆಗೆ ಬಿಟ್ಟಿದ್ದರು. ಒಟ್ಟು 11.9 ಕೋಟಿ ಹಾಂಗ್‌ಕಾಂಗ್ ಡಾಲರ್. ಯುದ್ಧದ ನಂತರ 'ಅದು ನಮ್ಮ ನೋಟಲ್ಲ' ಅನ್ನಬಹುದಿತ್ತು. 1946ರಲ್ಲಿ ಅಷ್ಟಕ್ಕೂ ಬೆಲೆ ಇದೆ ಅಂತ ಒಪ್ಪಿಕೊಂಡರು. ಮೆಕ್ಸಿಕೋದ ಆ ದಂಧೆಯ ಹಣ ಸಾಗಿಸಿದ ಸುದ್ದಿ ಓದಿದಾಗ ನನಗೆ ಹೊಟ್ಟೆ ಉರಿದದ್ದು ಈ ನೋಟುಗಳನ್ನು ನೆನೆದೇ.