ನಿಂತ ಜಾಗವನ್ನು ಬರೆಯಿರಿ

ಮಾನ್ಯರೇ,

ನೀವು ಕಳುಹಿಸಿದ ‘ಅಪರಿಚಿತ ಬೆಂಗಳೂರು’ ಎಂಬ ಚಿತ್ರಲೇಖನ ತಲುಪಿದೆ. ನಗರದ ಕಟ್ಟಡಗಳನ್ನೂ ಬಾನಂಚಿನಲ್ಲಿ ಅವು ಮೂಡಿಸುವ ಆಕಾರವನ್ನೂ ಜನ ಸಾಮಾನ್ಯವಾಗಿ ನೋಡದ ಕಡೆಯಿಂದ ತೋರಿಸಬೇಕೆಂಬ ನಿಮ್ಮ ಉದ್ದೇಶ ಮೆಚ್ಚತಕ್ಕದ್ದು. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ನಾವು ಪ್ರಕಟಿಸಲಾರೆವು. ಇದರೊಳಗೆ ಒಂದು ಒಳ್ಳೆಯ ಬರಹ ಇದೆಯೆಂದು ನನಗೆ ಅನ್ನಿಸಿರುವುದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ನೀವು ಅಪರಿಚಿತವೆಂದು ಕರೆದಿರುವ ಬಹುಪಾಲು ಚಿತ್ರಗಳು ಬರೀ ಎತ್ತರದಿಂದ ತೆಗೆದವು. ಎತ್ತರದಿಂದ ಊರನ್ನು ನೋಡುವ ಬೆರಗು ಛಾಯಾಗ್ರಹಣಕ್ಕೆ ತೀರಾ ಹಳೆಯದು. 1858ರಲ್ಲೇ ಫ್ರಾನ್ಸಿನ ನಾದಾರ್ ಬಲೂನಿನಲ್ಲಿ ಕ್ಯಾಮೆರಾ ಕೊಂಡೊಯ್ದಿದ್ದರು. 1860ರಲ್ಲಿ ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಬಲೂನಿನಿಂದ ತೆಗೆದ ಬಾಸ್ಟನ್ ನಗರದ ಚಿತ್ರ ಇಂದಿಗೂ ಉಳಿದಿದೆ. ಹೊಕ್ಕುಳ ಮಟ್ಟದಲ್ಲಿ ಕ್ಯಾಮೆರಾ ಹಿಡಿಯುವ ರೂಢಿಯನ್ನು ವಿರೋಧಿಸಿ, 1920ರ ದಶಕದಲ್ಲಿ ರಷ್ಯಾದ ಛಾಯಾಗ್ರಾಹಕ ಅಲೆಕ್ಸಾಂಡರ್ ರಾಡ್ಚೆಂಕೊ ಮಾಸ್ಕೊದ ಮನೆಗಳನ್ನು ಬುಡದಿಂದ ಮೇಲಕ್ಕೂ ಮೇಲಿನಿಂದ ಬೀದಿಯ ಕಡೆಗೂ ತೆಗೆದಾಗ ಅದು ನಿಜಕ್ಕೂ ಹೊಸ ನೋಟವಾಗಿತ್ತು. ಇಂದು ಅದೇ ಕೋನಗಳು ಎಲ್ಲರ ಫೋನಿನಲ್ಲಿವೆ. ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಗಳನ್ನು ಮೇಲಿನ ಮಹಡಿಯ ಕಂಬಿಗೆ ಒರಗಿ, ಕೆಳಮುಖವಾಗಿ ತೆಗೆದ ನಿಮ್ಮ ಎರಡನೆಯ ಚಿತ್ರ ಅಚ್ಚುಕಟ್ಟಾಗಿದೆ, ನಿಜ. ಆದರೆ ಕ್ಯಾಮೆರಾ ಹಿಡಿದು ಆ ಮಾರುಕಟ್ಟೆಗೆ ಹೋದವರೆಲ್ಲ ಮೊದಲು ತೆಗೆಯುವ ಚಿತ್ರವೇ ಅದು.

ನಿಮ್ಮ ಸಂಗ್ರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಐದನೆಯ ಚಿತ್ರ. ಲಾಲ್‌ಬಾಗ್‌ನ ಬಂಡೆಯ ಇಳಿಜಾರಿನಲ್ಲಿ ನಿಂತು, ಕೆಂಪೇಗೌಡ ಗೋಪುರವನ್ನು ಮುಂದಿಟ್ಟುಕೊಂಡು, ಅದರ ಹಿಂದೆ ದೂರದ ಬಹುಮಹಡಿ ಕಟ್ಟಡಗಳು ಕಾಣುವಂತೆ ತೆಗೆದಿದ್ದೀರಿ. ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಊರಿನ ಎಲ್ಲೆಯನ್ನು ಗುರುತಿಸಿದವೆಂದು ಜನ ನಂಬಿಕೊಂಡು ಬಂದಿರುವ ನಾಲ್ಕು ಗೋಪುರಗಳಲ್ಲಿ ಅಲ್ಲಿರುವುದೂ ಒಂದು. ಎಲ್ಲೆಗಲ್ಲಿನಂತಿದ್ದ ಕಟ್ಟಡ ಇಂದು ಊರಿನ ನಡುವೆ ಇರುವುದನ್ನು ಒಂದೇ ಚೌಕಟ್ಟಿನಲ್ಲಿ ತೋರಿಸಿದ್ದೀರಿ. ಇಷ್ಟು ಒಳ್ಳೆಯ ಚಿತ್ರಕ್ಕೆ ನೀವು ಕೊಟ್ಟಿರುವುದು ‘ಹಳತು ಹೊಸತರ ಸಂಗಮ’ ಎಂಬ ಒಂದೇ ಸಾಲು. ಅದು ಯಾವ ಊರಿನ ಯಾವ ಚಿತ್ರಕ್ಕಾದರೂ ಹೊಂದುವ ಸಾಲು.

ಅದೇ ಪುಟದಲ್ಲಿ, ‘ಟೆಲಿಫೋಟೊ ಲೆನ್ಸ್ ದೂರದ ಕಟ್ಟಡಗಳನ್ನು ಗೋಪುರದ ಬಳಿಗೆ ಎಳೆದು ತರುತ್ತದೆ’ ಎಂದು ಬರೆದಿದ್ದೀರಿ. ಇದನ್ನು ತಿದ್ದಲೇಬೇಕು. ಮುಂದಿನ ವಸ್ತುವಿಗೂ ಹಿಂದಿನ ವಸ್ತುವಿಗೂ ಚಿತ್ರದಲ್ಲಿರುವ ಗಾತ್ರದ ಅನುಪಾತವನ್ನು ನಿರ್ಧರಿಸುವುದು ನೀವು ನಿಂತ ಜಾಗ. ಲೆನ್ಸ್ ಆ ನೋಟದಲ್ಲಿ ಎಷ್ಟು ಭಾಗವನ್ನು ಚೌಕಟ್ಟಿಗೆ ತೆಗೆದುಕೊಳ್ಳಬೇಕೆಂಬುದನ್ನಷ್ಟೇ ತೀರ್ಮಾನಿಸುತ್ತದೆ. ಗೋಪುರದಿಂದ 40 ಅಡಿ ದೂರದಲ್ಲಿ ನಿಂತವರು 80 ಅಡಿಗೆ ಸರಿದರೆ ಗೋಪುರ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗಿ ಕಾಣುತ್ತದೆ. ಒಂದು ಕಿಲೋಮೀಟರ್ ಆಚೆಯ ಅಪಾರ್ಟ್‌ಮೆಂಟ್ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಹಿಂದೆ ಸರಿದಂತೆಲ್ಲ ಹೊಸ ನಗರ ಗೋಪುರದ ಮೇಲೆ ಏರಿ ಬರುತ್ತದೆ, ಹತ್ತಿರ ಹೋದಂತೆಲ್ಲ ಗೋಪುರ ತನ್ನ ಹಿಂದಿನ ಊರನ್ನೆಲ್ಲ ಮರೆಮಾಡುತ್ತದೆ. ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡಿರಿ, ಏಕೆ ಆರಿಸಿಕೊಂಡಿರಿ ಎಂಬುದೇ ನಿಮ್ಮ ಲೇಖನದ ವಿಷಯವಾಗಬೇಕು. ಎರಡೂ ಜಾಗಗಳಿಂದ ತೆಗೆದ ಚಿತ್ರಗಳನ್ನು ಅಕ್ಕಪಕ್ಕ ಮುದ್ರಿಸಲು ನಾವು ಸಂತೋಷದಿಂದ ಪುಟ ಬಿಟ್ಟುಕೊಡುತ್ತೇವೆ.

ಇನ್ನೊಂದು ತಾಂತ್ರಿಕ ದೋಷ ಹಲವು ಚಿತ್ರಗಳಲ್ಲಿದೆ. ರಸ್ತೆಯಲ್ಲಿ ನಿಂತು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿರುವುದರಿಂದ ಗೋಡೆಗಳು ತುದಿಯಲ್ಲಿ ಒಂದನ್ನೊಂದು ಸೇರುವಂತೆ ವಾಲಿವೆ. ಆಮೇಲೆ ತಂತ್ರಾಂಶದಲ್ಲಿ ಅವನ್ನು ನೆಟ್ಟಗೆ ಮಾಡಲು ಹೋಗಿ ಮೇಲಿನ ಅಂತಸ್ತುಗಳನ್ನು ಹಿಗ್ಗಿಸಿಬಿಟ್ಟಿದ್ದೀರಿ. ವಾಲುವುದೇ ಉದ್ದೇಶವಾಗಿದ್ದರೆ ಧೈರ್ಯವಾಗಿ ವಾಲಲಿ. ಅಲ್ಲದಿದ್ದರೆ ಕಟ್ಟಡದ ಅರ್ಧ ಎತ್ತರದಲ್ಲಿ ನಿಲ್ಲಲು ಜಾಗ ಹುಡುಕಿ, ಕ್ಯಾಮೆರಾವನ್ನು ಮಟ್ಟವಾಗಿ ಹಿಡಿಯಿರಿ. ಬೆಂಗಳೂರಿನಲ್ಲಿ ಅಂಥ ಜಾಗಗಳಿಗೆ ಈಗ ಬರವಿಲ್ಲ. ಮಾರುಕಟ್ಟೆಯಿಂದ ಸಿರ್ಸಿ ವೃತ್ತದ ಕಡೆಗೆ ಸಾಗುವ ಮೇಲ್ಸೇತುವೆಯಲ್ಲಿ ಬಸ್ಸಿನ ಕಿಟಕಿಗೆ ಅಂಗಡಿಗಳ ಮೇಲಿನ ಅಂತಸ್ತುಗಳು ಎದುರಾಗುತ್ತವೆ. ಹಸಿರು ಮಾರ್ಗದ ಮೆಟ್ರೊ ದಕ್ಷಿಣಕ್ಕೆ ಬರುತ್ತಾ ನ್ಯಾಷನಲ್ ಕಾಲೇಜಿನ ಬಳಿ ಸುರಂಗದಿಂದ ಮೇಲೇರಿದ ಕೂಡಲೇ ಬಸವನಗುಡಿಯ ತಾರಸಿಗಳು ಕಣ್ಣಿನ ಮಟ್ಟಕ್ಕೆ ಸಿಗುತ್ತವೆ: ನೀರಿನ ಟ್ಯಾಂಕು, ಸೋಲಾರ್ ಹೀಟರು, ಒಣಗಹಾಕಿದ ಸೀರೆ, ತುಳಸಿ ಕುಂಡ. 2017ರಲ್ಲಿ ಈ ಮಾರ್ಗ ತೆರೆಯುವವರೆಗೆ ಆ ಮಟ್ಟದಲ್ಲಿ ಸಾಗುತ್ತಾ ಊರನ್ನು ನೋಡುವ ಅವಕಾಶ ಅಲ್ಲಿ ಯಾರಿಗೂ ಇರಲಿಲ್ಲ. ಈಗ ಟಿಕೆಟ್ ಕೊಂಡ ಎಲ್ಲರಿಗೂ ಇದೆ, ಆದರೂ ಅದನ್ನು ಮನಸ್ಸಿಟ್ಟು ಚಿತ್ರಿಸಿದವರು ಕಡಿಮೆ. ನಿಲ್ದಾಣದಲ್ಲಿ ಕ್ಯಾಮೆರಾ ಹೊರತೆಗೆಯುವ ಮುನ್ನ ಮೆಟ್ರೊ ನಿಗಮದ ಅನುಮತಿ ಕೇಳಿಕೊಳ್ಳಿ, ಎದುರಿನ ಮನೆಗಳಲ್ಲಿರುವವರ ಮುಖ ಗುರುತಾಗದಂತೆಯೂ ನೋಡಿಕೊಳ್ಳಿ.

ವಿಧಾನಸೌಧದ ಚಿತ್ರವನ್ನು ಕೈಬಿಡಿ. 1956ರಲ್ಲಿ ಪೂರ್ಣಗೊಂಡ ಆ ಕಟ್ಟಡದ ಮುಖ ಪೂರ್ವಕ್ಕಿದೆ. ನೀವು ಸಂಜೆ ಹೋದದ್ದರಿಂದ ಮುಖಮಂಟಪದ ಕಂಬಗಳೂ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹವೂ ನೆರಳಿನಲ್ಲಿ ಮುಳುಗಿವೆ. ಬೆಳಗಿನ ಬಿಸಿಲಲ್ಲಿ, ಗ್ರಾನೈಟಿನ ಕೆತ್ತನೆಯ ಅಂಚು ಎದ್ದು ಕಾಣುವ ಹೊತ್ತಿನಲ್ಲಿ ಮತ್ತೊಮ್ಮೆ ಪ್ರಯತ್ನಿಸಿ.

ಡ್ರೋನ್ ಚಿತ್ರಗಳ ವಿಷಯದಲ್ಲಿ ರಿಯಾಯಿತಿ ಇಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ, ಅಂದರೆ ಹಾರಾಟ ನಿರ್ಬಂಧಿಸಿದ ಪ್ರದೇಶದಲ್ಲಿ, ಹಾರಿಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಎಲ್ಲಿ ಹಾರಿಸಿದಿರಿ, ಆ ಜಾಗ ಯಾವ ವಲಯದಲ್ಲಿದೆ ಎಂಬ ವಿವರ ನಿಮ್ಮ ಕಡತದಲ್ಲಿ ಇಲ್ಲದಿರುವುದರಿಂದ ಅವನ್ನು ಪರಿಶೀಲನೆಗೂ ತೆಗೆದುಕೊಂಡಿಲ್ಲ.

ಗದ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಉದ್ಯಾನ ನಗರಿ’, ‘ಕಾಂಕ್ರೀಟ್ ಕಾಡು’ ತುಂಬಿರುವ ಮೊದಲ ಎರಡು ಪ್ಯಾರಾಗಳನ್ನು ಪೂರ್ತಿ ತೆಗೆಯಿರಿ; ಬರಹ ಬಂಡೆಯ ಮೇಲಿನಿಂದಲೇ ಆರಂಭವಾಗಲಿ. ಪ್ರತಿ ಚಿತ್ರದ ಅಡಿಬರಹದಲ್ಲಿ ನೀವು ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕಿಗೆ ನೋಡುತ್ತಿದ್ದಿರಿ, ಹೊತ್ತು ಎಷ್ಟಾಗಿತ್ತು ಎಂಬುದು ಇರಬೇಕು, ಓದುಗರು ಬಯಸಿದರೆ ಅಲ್ಲಿಗೇ ಹೋಗಿ ನಿಂತು ನೋಡುವಂತಿರಬೇಕು. ಹಲಸೂರು, ಕೆಂಪಾಂಬುಧಿ ಮತ್ತು ಮೇಖ್ರಿ ವೃತ್ತದ ಬಳಿಯ ಉಳಿದ ಮೂರು ಗೋಪುರಗಳಿಂದಲೂ ಇಂದು ಏನು ಕಾಣುತ್ತದೆ, ಏನು ಮರೆಯಾಗಿದೆ ಎಂದು ನೋಡಿ ಬರೆಯಲು ನಿಮಗೆ ಆಸಕ್ತಿಯಿದ್ದರೆ ಲೇಖನದ ಉದ್ದದ ಬಗ್ಗೆ ಚಿಂತೆ ಬೇಡ. ತಿದ್ದಿದ ಪ್ರತಿಯನ್ನು, ತಂತ್ರಾಂಶದಲ್ಲಿ ನೆಟ್ಟಗೆ ಮಾಡದ ಮೂಲ ಚಿತ್ರಗಳ ಸಹಿತ, ನನ್ನ ಹೆಸರಿಗೇ ಕಳುಹಿಸಿ.

ವಿಶ್ವಾಸದಿಂದ,
ಸಂಪಾದಕ