ಓದಲು ತೊಡಕು, ಲೆಕ್ಕದಲ್ಲಿ ಚುರುಕು

ಪ್ರಶ್ನೆ: ಮಗ ಐದನೆಯ ತರಗತಿ. ಲೆಕ್ಕವನ್ನು ಬಾಯಲ್ಲೇ ಬಿಡಿಸುತ್ತಾನೆ. ಓದಲು ಕೊಟ್ಟರೆ ‘ಮ’, ‘ವ’ ಅದಲುಬದಲು, ಬರೆದರೆ ಒತ್ತಕ್ಷರವೇ ಮಾಯ. ಶಾಲೆಯಲ್ಲಿ ಸೋಮಾರಿ ಎನ್ನುತ್ತಾರೆ. ಡಿಸ್ಲೆಕ್ಸಿಯಾ (ಬುದ್ಧಿ ಚುರುಕಿದ್ದರೂ ಓದು-ಬರಹದಲ್ಲಿ ಕಾಡುವ ತೊಡಕು) ಜಾಗೃತಿಗೆಂದು ದೆಹಲಿಯ ಇಂಡಿಯಾ ಗೇಟ್‌ಗೆ ಕೆಂಪು ದೀಪ ಹಾಕಿದ್ದರಂತೆ. ಅದರಿಂದ ನಮಗೇನು?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ದೀಪ ಬೇಡವೆನ್ನಲಾರೆ. ನಾನು ಪಾಠ ಮಾಡುತ್ತಿದ್ದಾಗ ಶಿಕ್ಷಕರ ಕೊಠಡಿಯಲ್ಲಿ ಈ ಹೆಸರನ್ನೇ ಯಾರೂ ಕೇಳಿರಲಿಲ್ಲ; ಬೆತ್ತ ಮಾತ್ರ ಎಲ್ಲರಿಗೂ ಗೊತ್ತಿತ್ತು. ಆದರೆ ನಿಮ್ಮ ಕೈಗೆ ಬಲ ಕೊಡುವುದು ಕಾನೂನು. ಅಂಗವಿಕಲರಿಗಾಗಿ ಮಾಡಿದ 1995ರ ಕಾಯ್ದೆ ಗುರುತಿಸಿದ್ದ ಏಳು ವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಏರಿಸಿ, ‘ನಿರ್ದಿಷ್ಟ ಕಲಿಕಾ ನ್ಯೂನತೆ’ ಎಂಬ ಹೆಸರಿನಡಿ ಅದನ್ನೂ ಸೇರಿಸಿತು. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಕೇಳಲು ಯಾರ ಮುಂದೆಯೂ ಕೈಮುಗಿದು ನಿಲ್ಲಬೇಕಾಗಿಲ್ಲ.

ಮೊದಲು ಕಣ್ಣು, ಕಿವಿ ತೋರಿಸಿ. ನಂತರ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮೌಲ್ಯಮಾಪನ ಮಾಡುತ್ತಾರೆ. ಮಗನ ಹಳೆಯ ನೋಟ್‌ಪುಸ್ತಕಗಳನ್ನು (ದಯವಿಟ್ಟು ರದ್ದಿಗೆ ಹಾಕಬೇಡಿ) ಜೊತೆಗೆ ಒಯ್ಯಿರಿ. ತಪ್ಪುಗಳ ಸ್ವರೂಪವನ್ನು ಅವರು ಅದರಲ್ಲೇ ಹುಡುಕುತ್ತಾರೆ. ವರದಿ ಬರುವವರೆಗೆ ಪಾಠವನ್ನು ನೀವೇ ಓದಿ ಹೇಳಿ, ಉತ್ತರವನ್ನು ಅವನು ಬಾಯಲ್ಲಿ ಹೇಳಲಿ.