ಕ್ಯಾರವಾನ್ ಸಾಕಾ, ಟ್ವಿನ್ ಆಟರ್ ಬೇಕಾ?

ನೀರಿನಲ್ಲೂ ರನ್‌ವೇಯಲ್ಲೂ ಇಳಿಯಬೇಕು, ಜನರ ಜೊತೆ ಸರಕೂ ಹೋಗಬೇಕು, ಅದಕ್ಕೆ ಸೆಸ್ನಾ ಕ್ಯಾರವಾನ್ ಎಂಬ ಸಣ್ಣ ವಿಮಾನ ಸಾಕಾ, ಎರಡು ಎಂಜಿನ್‌ನ ಟ್ವಿನ್ ಆಟರ್ ಬೇಕಾ ಎಂದು ಕೇಳಿದ್ದೀರಿ. ಸೀಟಿನ ಲೆಕ್ಕ ಆಮೇಲೆ, ಮೊದಲು ತೂಕದ ಲೆಕ್ಕ ಹಾಕಿ. ಟ್ವಿನ್ ಆಟರ್‌ನಲ್ಲಿ 19 ಸೀಟು ಅನ್ನುವುದು ಬರೀ ಚಕ್ರದ ಮೇಲೆ ಹಾರುವಾಗಿನ ಮಾತು. ಚಕ್ರವಿರುವ ಫ್ಲೋಟ್ (ನೀರಲ್ಲಿ ತೇಲಲು ವಿಮಾನದ ಕೆಳಗೆ ಕಟ್ಟುವ ದೋಣಿಯಂಥ ಟೊಳ್ಳು ಭಾಗ) ಕಟ್ಟಿದರೆ ನೂರಾರು ಕಿಲೋ ಅದಕ್ಕೇ ಹೋಗುತ್ತದೆ, ವೇಗವೂ ಇಳಿಯುತ್ತದೆ. ಇಂಧನ ತುಂಬಿದ ಮೇಲೆ ಉಳಿಯುವ ತೂಕವೇ ನಿಮ್ಮ ವ್ಯಾಪಾರ, ಅಲ್ವಾ?

ಕ್ಯಾರವಾನ್‌ಗೆ ಒಂದೇ ಎಂಜಿನ್. ಖರ್ಚು ಕಡಿಮೆ, ಸರಕಿಗೆ ದೊಡ್ಡ ಬಾಗಿಲಿದೆ. ಆದರೆ ಒಂಟಿ ಎಂಜಿನ್‌ನಲ್ಲಿ ರಾತ್ರಿ ಹೊತ್ತು, ಮೋಡದೊಳಗೆ ಪ್ರಯಾಣಿಕರನ್ನು ಒಯ್ಯಲು ನಿಯಮ ಬಿಗಿ. ಮೊದಲೇ ವಿಚಾರಿಸಿ. ಹೊಸ ಮಾರ್ಗಕ್ಕೆ ನಾನಾದರೆ ಕ್ಯಾರವಾನ್‌ನಿಂದಲೇ ಶುರು ಮಾಡುತ್ತಿದ್ದೆ.

ಉಪ್ಪುನೀರಾದರೆ ದಿನಾ ಸಿಹಿನೀರಲ್ಲಿ ತೊಳೆಯಬೇಕು. ಫ್ಲೋಟ್‌ನೊಳಗೆ ಸೋರಿದ ನೀರನ್ನು ಹಾರುವ ಮುಂಚೆ ಪಂಪಿನಿಂದ ತೆಗೆಯಬೇಕು. ಇನ್ನೊಂದು, ಚಕ್ರ ಮಡಚದೆ ನೀರಿಗಿಳಿದರೆ ವಿಮಾನ ಮಗುಚಿಕೊಳ್ಳುತ್ತದೆ. ಅದಕ್ಕೇ ಇಳಿಯುವ ಮುಂಚೆ ‘ನೀರಿಗೆ, ಚಕ್ರ ಮೇಲೆ’ ಎಂದು ಪೈಲಟ್‌ಗಳು ಬಾಯಿಬಿಟ್ಟು ಹೇಳಿಕೊಳ್ಳುವುದು.

ನಿಮಗೆ ನಿಜಕ್ಕೂ ರನ್‌ವೇ ಬೇಕಾ ನೋಡಿ. ಎಲ್ಲ ಕಡೆ ನೀರಲ್ಲೇ ಇಳಿಯುವುದಾದರೆ ಸುಮ್ನೆ ಚಕ್ರ ಹೊರುವುದೇಕೆ? ಮಾಲ್ಡೀವ್ಸ್‌ನ ಟ್ವಿನ್ ಆಟರ್‌ಗಳು ಚಕ್ರವಿಲ್ಲದ ಫ್ಲೋಟ್‌ನಲ್ಲೇ ಹಾರುತ್ತವೆ.